ಅರ್ಧ ವ್ಯಾಟ್ ಉಳಿಸಲು ಹೋಗಿ

ಲಿನಕ್ಸ್ ಬಳಸುವವರ ದೂರುಗಳಲ್ಲಿ ಒಂದು ವಿಚಿತ್ರ ಜಾತಿಯಿದೆ. ಮೌಸನ್ನು ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಅದರ ಹೊಟ್ಟೆಯ ಕೆಂಪು ಬೆಳಕು ಆರಿಹೋಗುತ್ತದೆ. ಅಲ್ಲಾಡಿಸಿದರೆ ಪರದೆಯ ಮೇಲಿನ ಬಾಣ ಜಗ್ಗುವುದಿಲ್ಲ, ಒಮ್ಮೆ ಒತ್ತಿದ ಮೇಲಷ್ಟೇ ಜೀವ ಬರುತ್ತದೆ. ಕೀಬೋರ್ಡಿನಲ್ಲಿ ಪಾಸ್‌ವರ್ಡ್ ಒತ್ತಿದರೆ ಮೊದಲ ಅಕ್ಷರ ಮಾಯ. ಅಂಗಡಿಯ ಬಾರ್‌ಕೋಡ್ ಸ್ಕ್ಯಾನರ್ ಗಿರಾಕಿ ಇಲ್ಲದ ಹೊತ್ತು ಕಳೆದ ಮೇಲೆ ಬಂದ ಮೊದಲ ಪೊಟ್ಟಣದ ಸಂಖ್ಯೆಯನ್ನು ಅರ್ಧಂಬರ್ಧ ಓದುತ್ತದೆ, ಎರಡನೆಯದನ್ನು ಸರಿಯಾಗಿಯೇ ಓದುತ್ತದೆ. ಯುಎಸ್‌ಬಿ ಸೌಂಡ್ ಕಾರ್ಡ್ ಹಾಡು ಶುರುವಾಗುವಾಗ ಟಪ್ಪೆಂದು ಸದ್ದು ಮಾಡುತ್ತದೆ. ಪ್ರಿಂಟರ್ ನಿನ್ನೆ ಇತ್ತು, ಇವತ್ತು ಪಟ್ಟಿಯಲ್ಲಿ ಇಲ್ಲ. ಇವೆಲ್ಲಕ್ಕೂ ಜನ ಕಂಡುಕೊಂಡಿರುವ ಮದ್ದು ಒಂದೇ: ವೈರ್ ಕಿತ್ತು ಮತ್ತೆ ಸಿಕ್ಕಿಸುವುದು. ಅದರಿಂದ ಸರಿಹೋಗುವುದರಿಂದಲೇ ತಪ್ಪು ವೈರಿನದೋ ಪೋರ್ಟಿನದೋ ಅಗ್ಗದ ಮಾಲಿನದೋ ಎಂಬ ತೀರ್ಮಾನಕ್ಕೆ ಬರುತ್ತಾರೆ. ಹೊಸ ವೈರ್ ಕೊಳ್ಳುತ್ತಾರೆ, ಕೆಲವರು ಹೊಸ ಮೌಸನ್ನೇ ಕೊಳ್ಳುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಇವು ಯಾವುವೂ ಅಲ್ಲ. ಕರೆಂಟ್ ಉಳಿಸಲೆಂದು ಆಪರೇಟಿಂಗ್ ಸಿಸ್ಟಮ್ಮೇ ಆ ಸಾಧನವನ್ನು ಮಲಗಿಸಿರುತ್ತದೆ, ಎಬ್ಬಿಸುವಾಗ ಏನೋ ಎಡವಟ್ಟಾಗಿರುತ್ತದೆ. ಈ ಏರ್ಪಾಡಿಗೆ ಯುಎಸ್‌ಬಿ ಆಟೋಸಸ್ಪೆಂಡ್ ಎಂದು ಹೆಸರು.

ಇದು ಕೆಟ್ಟ ಆಲೋಚನೆ ಎಂಬುದು ನನ್ನ ವಾದವಲ್ಲ. ಒಂದು ಸಾಧನವನ್ನು ಮಲಗಿಸಿದರೂ ಅದು ಮತ್ತೆ ಸರಿಯಾಗಿ ಏಳುತ್ತದೆ ಎಂದು ತೋರಿಸಿಕೊಡುವ ಹೊಣೆ ಮಲಗಿಸುವವರದು. ಏಳಲಿಲ್ಲ ಎಂದು ಪತ್ತೆ ಹಚ್ಚುವ ಹೊಣೆಯನ್ನು ಬಳಕೆದಾರರ ತಲೆಗೆ ಕಟ್ಟಬಾರದು ಎಂಬುದಷ್ಟೇ ನನ್ನ ತಕರಾರು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರು ಈ ಪಾಠವನ್ನು 2007ರಲ್ಲೇ ಕಲಿತರು. ಕರ್ನಲ್‌ನ ಮೇಲೆ ಕೂರುವ ಬ್ಯಾಟರಿ ಉಳಿತಾಯದ ಸಲಕರಣೆಗಳು ಮತ್ತು ಅವನ್ನು ಕಣ್ಣು ಮುಚ್ಚಿ ಹಾಕಿಕೊಳ್ಳಿ ಎನ್ನುವ ಸಲಹೆಗಳು ಅದನ್ನು ಆಗಾಗ ಅಳಿಸಿಹಾಕುತ್ತವೆ.

ಮಲಗಿಸುವುದೆಂದರೆ ಏನೆಂದು ಮೊದಲು ನೋಡೋಣ. ಯುಎಸ್‌ಬಿಯ ಮೊದಲ ನಿಯಮಾವಳಿ ಬಂದದ್ದು 1996ರಲ್ಲಿ, ಮತ್ತು ಈ ನಿದ್ದೆಯ ಏರ್ಪಾಡು ಆಗಿನಿಂದಲೂ ಇದೆ. ಕಂಪ್ಯೂಟರ್ ಎಚ್ಚರವಿರುವ ಸಾಧನಕ್ಕೆ ಮಿಲಿಸೆಕೆಂಡಿಗೊಮ್ಮೆ ಒಂದು ಸಣ್ಣ ಸಂಕೇತ ಕಳಿಸುತ್ತಲೇ ಇರುತ್ತದೆ. ಯುಎಸ್‌ಬಿ 2ರ ವೇಗದಲ್ಲಿ ಅದು ಇನ್ನೂ ಎಂಟು ಪಟ್ಟು ಹೆಚ್ಚು. ತಂತಿಯಲ್ಲಿ ಮೂರು ಮಿಲಿಸೆಕೆಂಡ್ ಮೌನ ಕವಿದರೆ ಸಾಧನ ನಿದ್ದೆಗೆ ಜಾರಬೇಕು. ಎಚ್ಚರವಿದ್ದಾಗ 100ರಿಂದ 500 ಮಿಲಿಆಂಪಿಯರ್ ಎಳೆಯಲು ಅನುಮತಿ ಪಡೆದದ್ದು ಮಲಗಿದಾಗ ಎರಡೂವರೆ ಮಿಲಿಆಂಪಿಯರ್ ದಾಟುವಂತಿಲ್ಲ. ಹಳೆಯ ನಿಯಮದಲ್ಲಿ ಹೆಚ್ಚಿನ ಸಾಧನಗಳಿಗೆ ಅರ್ಧ ಮಿಲಿಆಂಪಿಯರ್ ಮಾತ್ರ ಇತ್ತು. ಎಬ್ಬಿಸಬೇಕಾದಾಗ ಕಂಪ್ಯೂಟರ್ ಕನಿಷ್ಠ 20 ಮಿಲಿಸೆಕೆಂಡ್ ಎಚ್ಚರಿಸುವ ಸಂಕೇತ ಕೊಡಬೇಕು, ಆಮೇಲೆ ಇನ್ನೂ 10 ಮಿಲಿಸೆಕೆಂಡ್ ಸುಧಾರಿಸಿಕೊಳ್ಳಲು ಬಿಟ್ಟು ನಂತರ ಮಾತಾಡಿಸಬೇಕು. ಕೀಬೋರ್ಡಿನಂಥ ಕೆಲವು ಸಾಧನಗಳು ತಾವಾಗಿ ಎದ್ದು ಕಂಪ್ಯೂಟರಿಗೆ ಸುಳಿವು ಕೊಡಬಲ್ಲವು. ಲಿನಕ್ಸ್‌ನಲ್ಲಿ ಆಟೋಸಸ್ಪೆಂಡ್ ಚಾಲೂ ಇದ್ದರೆ ಸಾಧನ ಸುಮ್ಮನೆ ಕೂತ ಎರಡು ಸೆಕೆಂಡಿಗೆ ಈ ಕ್ರಮ ಶುರುವಾಗುತ್ತದೆ. ಎರಡು ನಿಮಿಷವಲ್ಲ, ಎರಡೇ ಸೆಕೆಂಡು. ಈ ಸಾಲನ್ನು ಓದುತ್ತ ಮೌಸಿನಿಂದ ಕೈ ತೆಗೆದವರ ಮೌಸ್ ಸಾಲು ಮುಗಿಯುವುದರೊಳಗೆ ಮಲಗಿರಬಹುದು.

ಎಡವಟ್ಟು ಆಗುವುದು ಸಾಮಾನ್ಯವಾಗಿ ಏಳುವಾಗ. ಸಾಧನದ ಒಳಗಿನ ಪುಟ್ಟ ಪ್ರೊಸೆಸರ್ ಮಲಗುವ ಮುಂಚೆ ತಾನು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಕೆಲವು ಮರೆಯುತ್ತವೆ, ಎದ್ದಾಗ ಹೊಸದಾಗಿ ಹುಟ್ಟಿದಂತೆ ಶುರು ಮಾಡುತ್ತವೆ. ಕಂಪ್ಯೂಟರಿಗೆ ಹಳೆಯ ಸಾಧನವನ್ನು ಯಾರೋ ಕಿತ್ತು ಹೊಸದೊಂದನ್ನು ಸಿಕ್ಕಿಸಿದಂತೆ ಕಾಣುತ್ತದೆ, ಅದನ್ನು ನಂಬಿಕೊಂಡಿದ್ದ ಪ್ರೋಗ್ರಾಂ ಕೈಬಿಟ್ಟುಹೋಗುತ್ತದೆ. ಇನ್ನು ಕೆಲವು ಏಳುವುದೇ ಇಲ್ಲ. ಯುಎಸ್‌ಬಿಯ ಎಲ್ಲ ಸಾಧನಗಳೂ ನಿದ್ದೆಯನ್ನು ನಿಭಾಯಿಸಬೇಕೆಂದು ನಿಯಮ ಹೇಳಿದರೂ ಬಹಳಷ್ಟು ಸಾಧನಗಳು ಅದನ್ನು ಸರಿಯಾಗಿ ಮಾಡುವುದಿಲ್ಲ, ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳಲ್ಲಿ ಈ ರೋಗ ಹೆಚ್ಚು ಎಂದು ಕರ್ನಲ್‌ನ ಸ್ವಂತ ದಾಖಲೆಯೇ ವಿಷಾದದಿಂದ ಹೇಳಿಕೊಂಡಿದೆ. ಅದನ್ನು ಬರೆದವರು ಈ ಏರ್ಪಾಡಿನ ಮುಖ್ಯ ಶಿಲ್ಪಿ ಅಲನ್ ಸ್ಟರ್ನ್. ಹೊರಗಿನ ಟೀಕಾಕಾರರಲ್ಲ, ಕಟ್ಟಿದವರೇ ಕೊಟ್ಟ ಸಾಕ್ಷ್ಯ ಇದು.

2007ರಲ್ಲಿ ನಡೆದದ್ದು ಈ ಸಾಕ್ಷ್ಯಕ್ಕೆ ಹಿನ್ನೆಲೆ. ಆ ವರ್ಷದ ಮೊದಲರ್ಧದ ಕರ್ನಲ್‌ಗಳಲ್ಲಿ ಆಟೋಸಸ್ಪೆಂಡ್ ಎಲ್ಲ ಸಾಧನಗಳಿಗೂ ತಾನಾಗಿ ಅನ್ವಯವಾಗುವಂತೆ ಬಂತು. ನಿಯಮಾವಳಿ ಹಾಗೆ ಹೇಳುತ್ತಿರುವಾಗ ಅದು ತರ್ಕಬದ್ಧವೇ. ಆದರೆ ಬಿಡುಗಡೆಯಾದ ಕೂಡಲೆ ಪ್ರಿಂಟರ್ ನಿಂತಿತು, ಸ್ಕ್ಯಾನರ್ ನಿಂತಿತು ಎಂಬ ದೂರುಗಳು ಬರತೊಡಗಿದವು. ಮೊದಲು ಹಿಡಿದ ದಾರಿ, ತಕರಾರು ಬಂದ ಮಾದರಿಗಳ ಹೆಸರನ್ನು ಒಂದು ವಿನಾಯಿತಿ ಪಟ್ಟಿಗೆ ಸೇರಿಸುತ್ತ ಹೋಗುವುದು. ಪಟ್ಟಿ ಬೆಳೆಯುತ್ತಲೇ ಹೋಯಿತು. ಮಾರುಕಟ್ಟೆಯಲ್ಲಿರುವ ಸಾಧನಗಳಿಗೆ ಲೆಕ್ಕವಿಲ್ಲದಿರುವಾಗ ಕೆಟ್ಟವನ್ನೆಲ್ಲ ಹೆಸರಿಸಿ ಮುಗಿಸುವುದು ಆಗದ ಕೆಲಸ ಎಂಬುದು ಕೆಲವೇ ತಿಂಗಳಲ್ಲಿ ಸ್ಪಷ್ಟವಾಯಿತು. ಆಗ ನಿಯಮವನ್ನೇ ತಿರುಗಿಸಿದರು: ಒಂದು ಪೋರ್ಟನ್ನು ಹಲವಾಗಿ ಹಂಚುವ ಹಬ್‌ಗಳನ್ನು ಬಿಟ್ಟು ಬೇರೆ ಯಾವುದನ್ನೂ ಕರ್ನಲ್ ತಾನಾಗಿ ಮಲಗಿಸುವುದಿಲ್ಲ, ಯಾವುದಾದರೂ ಡ್ರೈವರ್ ತನ್ನ ಸಾಧನ ನಿದ್ದೆಯನ್ನು ತಾಳಿಕೊಳ್ಳುತ್ತದೆ ಎಂದು ಖಾತ್ರಿಯಾಗಿ ಹೇಳಿದರೆ ಅಥವಾ ಬಳಕೆದಾರರೇ ಕೇಳಿದರೆ ಮಾತ್ರ ಮಲಗಿಸುತ್ತದೆ. ಹೊಣೆ ಸರಿಯಾದ ಹೆಗಲಿಗೆ ಬಂತು. ಇಂದಿಗೂ ಕರ್ನಲ್‌ನ ನಡೆ ಇದೇ.

ಹಾಗಿದ್ದರೆ ಮೌಸ್ ಯಾಕೆ ಆರಿಹೋಗುತ್ತದೆ? ಕರ್ನಲ್ ಮುಚ್ಚಿದ ಬಾಗಿಲನ್ನು ಮೇಲಿನವರು ತೆರೆಯುವುದರಿಂದ. ಇಂಟೆಲ್ ಕಂಪನಿ 2007ರಲ್ಲೇ ಹೊರತಂದ ಪವರ್‌ಟಾಪ್ ಎಂಬ ಸಲಕರಣೆ ಕಂಪ್ಯೂಟರಿನಲ್ಲಿ ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ತೋರಿಸುತ್ತದೆ. ಅಳೆಯುವ ಸಾಧನವಾಗಿ ಅದು ಅಮೂಲ್ಯ. ಅದರಲ್ಲೇ ಇನ್ನೊಂದು ಪುಟವಿದೆ, ಅಲ್ಲಿ ಮಲಗಲು ಬಿಡದ ಪ್ರತಿ ಯುಎಸ್‌ಬಿ ಸಾಧನದ ಮುಂದೆಯೂ ಕೆಟ್ಟದ್ದು ಎಂಬ ಷರಾ ಇರುತ್ತದೆ. ನೆಟ್ಟಗೆ ಕೆಲಸ ಮಾಡುತ್ತಿರುವ ಮೌಸ್ ಕೆಟ್ಟದ್ದು; ಮಲಗಿಸಿ ಸತಾಯಿಸಿದರೆ ಒಳ್ಳೆಯದು! ಎಲ್ಲ ಕೆಟ್ಟವನ್ನೂ ಒಂದೇ ಏಟಿಗೆ ಒಳ್ಳೆಯವಾಗಿಸುವ ಆಜ್ಞೆಯೂ ಅದರಲ್ಲಿದೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಆ ಆಜ್ಞೆ ಓಡುವಂತೆ ಮಾಡಿಕೊಳ್ಳಿ ಎಂಬುದು ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂದವರಿಗೆ ಸಿಗುವ ಮಾಮೂಲಿ ಉಪದೇಶ. 2007ರಲ್ಲಿ ಕರ್ನಲ್ ಪ್ರಯತ್ನಿಸಿ, ಸೋತು, ಹಿಂದಕ್ಕೆ ತೆಗೆದುಕೊಂಡ ಪ್ರಯೋಗವನ್ನು ಈ ಒಂದು ಆಜ್ಞೆ ಮತ್ತೆ ಜಾರಿಗೆ ತರುತ್ತದೆ, ಅದೂ ಆ ವಿನಾಯಿತಿ ಪಟ್ಟಿ ಇಲ್ಲದೆ. ಲ್ಯಾಪ್‌ಟಾಪ್‌ಗಳಲ್ಲಿ ಜನಪ್ರಿಯವಾಗಿರುವ ಟಿಎಲ್‌ಪಿ ಇದಕ್ಕಿಂತ ವಿವೇಕದ ಸಲಕರಣೆ. ಅದೂ ಯುಎಸ್‌ಬಿ ನಿದ್ದೆಯನ್ನು ಚಾಲೂ ಮಾಡಿಯೇ ಬರುತ್ತದೆ, ಆದರೆ ಕೀಬೋರ್ಡ್, ಮೌಸ್‌ಗಳನ್ನು ಮುಟ್ಟುವುದಿಲ್ಲ. ಪ್ರಿಂಟರ್ ಮತ್ತು ಸೌಂಡ್ ಸಾಧನಗಳನ್ನೂ ಈಗ ಹೊರಗಿಟ್ಟಿದೆ. ಕರ್ನಲ್‌ನವರು ತಿಂಗಳುಗಳಲ್ಲಿ ನಡೆದ ಹಾದಿಯನ್ನೇ ಇವರು ನಿಧಾನವಾಗಿ ನಡೆಯುತ್ತಿದ್ದಾರೆ ಅನ್ನಿಸುತ್ತದೆ.

ಉಳಿತಾಯದ ಪರ ವಾದಿಸುವವರ ಮಾತಿಗೆ ತೂಕವಿದೆ, ಅದನ್ನು ಹಗುರಾಗಿ ತಳ್ಳಿಹಾಕಬಾರದು. ಮಲಗಿದ ಮೌಸ್ ಉಳಿಸುವ ಕರೆಂಟ್ ತಾನೇ ಎಷ್ಟು ಎಂದು ಕೇಳುವುದು ಅರ್ಧ ಪ್ರಶ್ನೆ. ಸಾಧನ ಎಚ್ಚರವಿದ್ದರೆ ಅದನ್ನು ಆಳುವ ಕಂಟ್ರೋಲರ್ ಎಚ್ಚರವಿರಬೇಕು. ಹಳೆಯ ಯುಎಸ್‌ಬಿ 2 ಕಂಟ್ರೋಲರ್‌ಗಳು ತಮ್ಮ ಕೆಲಸದ ಪಟ್ಟಿಯನ್ನು ಮುಖ್ಯ ಮೆಮೊರಿಯಿಂದ ಪದೇ ಪದೇ ಓದುತ್ತಿದ್ದುದರಿಂದ ಪ್ರೊಸೆಸರ್ ಕೂಡ ಆಳದ ವಿಶ್ರಾಂತಿಗೆ ಇಳಿಯಲಾಗುತ್ತಿರಲಿಲ್ಲ. ಸಣ್ಣ ಸಾಧನವೊಂದು ಇಡೀ ಯಂತ್ರವನ್ನು ಎಚ್ಚರವಾಗಿ ಇಡುತ್ತಿತ್ತು. 2018ರಲ್ಲಿ ಫೆಡೋರಾ 28 ಎಂಬ ಲಿನಕ್ಸ್ ವಿತರಣೆಗಾಗಿ ಲ್ಯಾಪ್‌ಟಾಪ್ ಬ್ಯಾಟರಿಯ ಆಯುಸ್ಸು ಹೆಚ್ಚಿಸುವ ಕೆಲಸ ಕೈಗೆತ್ತಿಕೊಂಡ ಹನ್ಸ್ ದ ಖೂಡೆ, ಒಳಗಿನ ಬ್ಲೂಟೂತ್ ಸಾಧನವನ್ನು ಮಲಗಲು ಬಿಟ್ಟರೆ ಸುಮಾರು 0.4 ವ್ಯಾಟ್ ಉಳಿಯುತ್ತದೆ ಎಂದು ಲೆಕ್ಕ ಕೊಟ್ಟರು. ಬೆಳಕಿನ ಬಲ್ಬಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಸುಮ್ಮನಿದ್ದಾಗ 6 ವ್ಯಾಟ್ ಉಣ್ಣುವ, 50 ವ್ಯಾಟ್-ಅವರ್ ಬ್ಯಾಟರಿಯ ಒಂದು ಲ್ಯಾಪ್‌ಟಾಪ್ ಇದೆ ಎನ್ನೋಣ. ಅದು 8 ಗಂಟೆ 20 ನಿಮಿಷ ನಡೆಯುತ್ತದೆ, 0.4 ವ್ಯಾಟ್ ಕಡಿಮೆಯಾದರೆ 9 ಗಂಟೆಗೆ ಹತ್ತಿರ ಬರುತ್ತದೆ. ಅರ್ಧ ಗಂಟೆಗೂ ಮೀರಿದ ಲಾಭ. ರೈಲಿನಲ್ಲಿ ಕೂತು ಕೆಲಸ ಮುಗಿಸಬೇಕಾದವರಿಗೆ ಇದು ಸಣ್ಣದಲ್ಲ.

ಇದೇ ಲೆಕ್ಕವನ್ನು ಮೇಜಿನ ಮೇಲಿನ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಕಂಪ್ಯೂಟರಿಗೆ ಹಾಕಿ ನೋಡಿ. ವರ್ಷವಿಡೀ, ಹಗಲು ರಾತ್ರಿ ಆರಿಸದೆ ಬಿಟ್ಟರೂ 0.4 ವ್ಯಾಟ್ ಎಂದರೆ ಮೂರೂವರೆ ಯುನಿಟ್. ವಿದ್ಯುತ್ ಬಿಲ್ಲಿನಲ್ಲಿ ಅದು ಕಣ್ಣಿಗೂ ಬೀಳದು. ಪ್ರಿಂಟರ್, ಸ್ಕ್ಯಾನರ್, ಬಾರ್‌ಕೋಡ್ ಓದುಗ, ಹೊರಗಿನ ಸೌಂಡ್ ಕಾರ್ಡ್ ಹೆಚ್ಚಾಗಿ ಸಿಕ್ಕಿಕೊಂಡಿರುವುದು ಇಂಥ ಕಂಪ್ಯೂಟರಿಗೇ. ಲಾಭ ತೀರಾ ಕಡಿಮೆ ಇರುವ ಕಡೆಯಲ್ಲೇ ತೊಂದರೆ ಹೆಚ್ಚು. ಫೆಡೋರಾದವರ ಕೆಲಸ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಯುಎಸ್‌ಬಿಯಲ್ಲಿ ಅವರು ಕೈ ಹಾಕಿದ್ದು ಬ್ಲೂಟೂತ್ ಎಂಬ ಒಂದೇ ವರ್ಗಕ್ಕೆ, ಅದರ ಡ್ರೈವರ್ ಮೂಲಕ, ಲಾಭ ಅಳೆದು. ಎಲ್ಲಕ್ಕೂ ಒಂದೇ ಆಜ್ಞೆ ಹೊರಡಿಸಲಿಲ್ಲ.

ಇನ್ನೊಂದು ಆಕ್ಷೇಪ ಇಂಜಿನಿಯರ್‌ಗಳ ಬಾಯಲ್ಲಿ ಹೆಚ್ಚು ಕೇಳಿಬರುತ್ತದೆ: ನಿಯಮ ಮುರಿದದ್ದು ಸಾಧನ ತಯಾರಿಸಿದವರು, ಲಿನಕ್ಸ್ ನಿಯಮದಂತೆ ನಡೆದಿದೆ, ತಪ್ಪಿಗೆ ಲಿನಕ್ಸನ್ನು ದೂರುವುದು ಯಾಕೆ? ಕೇಳಲು ನ್ಯಾಯವಾಗಿ ಕಾಣುವ ಈ ವಾದ ಮೂರು ಕಡೆ ಕುಸಿಯುತ್ತದೆ. ಮೊದಲನೆಯದಾಗಿ, ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಸಾಧನವೂ ಬಳಕೆಗೆ ಅಡ್ಡಿಯಾಗಬಹುದು. ಮೌಸ್ ಚಲನೆಯನ್ನು ಗುರುತಿಸಬೇಕಾದರೆ ಕೆಳಗಿನ ಬೆಳಕು ಉರಿಸಿ ಮೇಜನ್ನು ನೋಡುತ್ತಲೇ ಇರಬೇಕು. ನಿದ್ದೆಯಲ್ಲಿ ಸಿಗುವ ಚಿಟಿಕೆ ಕರೆಂಟಿನಲ್ಲಿ ಹೆಚ್ಚಿನ ಮೌಸ್‌ಗಳಿಗೆ ಅದು ಸಾಧ್ಯವಿಲ್ಲ, ಆದ್ದರಿಂದ ಗುಂಡಿ ಒತ್ತಿದರಷ್ಟೇ ಅವು ಏಳುತ್ತವೆ. ಇಲ್ಲಿ ಮೌಸಿನಲ್ಲಿ ದೋಷವಿಲ್ಲ, ಅದನ್ನು ಮಲಗಿಸಿದ ತೀರ್ಮಾನದಲ್ಲಿದೆ. ಎರಡನೆಯದಾಗಿ, ತಯಾರಕರು ತಮ್ಮ ಮಾಲನ್ನು ಪರೀಕ್ಷಿಸುವುದು ಬಹುತೇಕ ವಿಂಡೋಸ್ ಎದುರಿಗೆ. ಅಲ್ಲಿಯೂ ಇಂಥದೇ ಏರ್ಪಾಡು ಇದೆ. ಆದರೆ ಕೀಬೋರ್ಡ್, ಮೌಸಿನಂಥ ಸಾಧನಗಳು ಮಲಗಬೇಕಾದರೆ ಅವುಗಳ ಪರವಾಗಿ ಯಾರಾದರೂ ಮೊದಲೇ ಒಪ್ಪಿಗೆ ಬರೆದಿಟ್ಟಿರಬೇಕು. ಒಪ್ಪಿಗೆ ಇಲ್ಲದ ಸಾಧನ ಜನ್ಮದಲ್ಲಿ ಒಮ್ಮೆಯೂ ಹೀಗೆ ಎರಡು ಸೆಕೆಂಡಿಗೊಮ್ಮೆ ಮಲಗಿ ಎದ್ದಿರುವುದಿಲ್ಲ. ಅದನ್ನು ಲಿನಕ್ಸ್ ಮೊದಲ ಬಾರಿಗೆ ಪರೀಕ್ಷಿಸುತ್ತದೆ, ಕೊಂಡವರ ಮನೆಯಲ್ಲಿ, ಅವರ ಕೆಲಸದ ನಡುವೆ.

ಮೂರನೆಯದು ಇವೆರಡಕ್ಕಿಂತ ದೊಡ್ಡದು. ಸಾಧನವೇ ಕೆಟ್ಟದ್ದು ಎಂದು ಲಿನಕ್ಸಿನವರು ಹೇಳುತ್ತಿದ್ದ ಎಲ್ಲ ಸಂದರ್ಭಗಳಲ್ಲೂ ಸಾಧನವೇ ಕೆಟ್ಟಿತ್ತು ಎಂದೇನಿಲ್ಲ. ಯುಎಸ್‌ಬಿ 3ರ ಕಂಟ್ರೋಲರ್‌ಗಳ ಡ್ರೈವರನ್ನು ಆಗ ಇಂಟೆಲ್‌ನಲ್ಲಿದ್ದುಕೊಂಡು ನೋಡಿಕೊಳ್ಳುತ್ತಿದ್ದ ಸೇಜ್ ಶಾರ್ಪ್ 2013ರಲ್ಲಿ ಒಂದು ದೋಷವನ್ನು ಬೆನ್ನಟ್ಟಿ ಹೋದರು. ಸಾಧನ ತಾನಾಗಿ ಎಚ್ಚರಗೊಂಡಾಗ ಪೋರ್ಟ್ ಪೂರ್ತಿ ಎಚ್ಚರದ ಸ್ಥಿತಿಗೆ ಬರುವವರೆಗೆ ಕಾಯಬೇಕಿದ್ದ ಕರ್ನಲ್, ಕಾಯದೆ ಮುಂಚೆಯೇ ಅದನ್ನು ಮಾತಾಡಿಸುತ್ತಿತ್ತು. ಸುಧಾರಿಸಿಕೊಳ್ಳಲು ಸಮಯ ಸಿಗದ ಸಾಧನ ಉತ್ತರ ಕೊಡದೆ ಸಂಪರ್ಕ ಕಳೆದುಕೊಳ್ಳುತ್ತಿತ್ತು, ದಾಖಲೆಯಲ್ಲಿ ಅದು ತಾನಾಗಿ ಕಿತ್ತುಕೊಂಡು ಹೋದಂತೆ ನಮೂದಾಗುತ್ತಿತ್ತು. ನಿದ್ದೆಯನ್ನು ತಾಳದ ಅಗ್ಗದ ಮಾಲು ಎಂಬ ಹಣೆಪಟ್ಟಿ ಹೊತ್ತ ಸಾಧನಗಳಲ್ಲಿ ಕೆಲವಾದರೂ ನಿರಪರಾಧಿಗಳಾಗಿರಬೇಕು. ಕರ್ನಲ್ ಸರಿಹೋಯಿತು, ಸರಿ. ಆದರೆ ದೋಷ ಯಾರದೆಂದು ಕರ್ನಲ್ ಕಟ್ಟಿದ ಪರಿಣತರಿಗೇ ತಿಳಿಯುವುದು ಇಷ್ಟು ಕಷ್ಟವಾದ ಕಡೆ ಅಂಗಡಿಯಲ್ಲಿ ಬಿಲ್ ಮಾಡುವವರು ಅದನ್ನು ಪತ್ತೆ ಹಚ್ಚಲಿ ಎನ್ನುವುದು ಯಾವ ನ್ಯಾಯ?

ತೊಂದರೆ ಕೊಟ್ಟರೆ ತಾನೇ ಕಂಪನಿಗಳು ಸರಿಮಾಡುವುದು, ರಿಯಾಯಿತಿ ಕೊಡುತ್ತ ಹೋದರೆ ಕೆಟ್ಟ ಸಾಧನಗಳು ಬರುತ್ತಲೇ ಇರುತ್ತವೆ ಎನ್ನುವವರೂ ಇದ್ದಾರೆ. ಇದಕ್ಕೆ ಹೆಚ್ಚು ಮಾತು ಬೇಡ. ಮಾರಾಟವಾದ ಮೌಸಿನ ಒಳಗಿನ ಪ್ರೋಗ್ರಾಮನ್ನು ಬದಲಾಯಿಸಲು ಸಾಮಾನ್ಯವಾಗಿ ದಾರಿಯೇ ಇರುವುದಿಲ್ಲ, ಮತ್ತು ಒತ್ತಡ ಬೀಳುವುದು ಕಂಪನಿಯ ಮೇಲಲ್ಲ, ಕಾರಣವೇ ಗೊತ್ತಿಲ್ಲದ ಬಳಕೆದಾರರ ಮೇಲೆ. ಅವರು ಕಂಪನಿಗೆ ಪತ್ರ ಬರೆಯುವುದಿಲ್ಲ, ಲಿನಕ್ಸ್ ಬಿಡುತ್ತಾರೆ.

ಬೇಡವೆಂದರೆ ಆರಿಸಿಕೊಳ್ಳಬಹುದಲ್ಲ ಎಂಬ ಉತ್ತರವೂ ಸಿದ್ಧವಿದೆ. ನಿಜ, ಆರಿಸಬಹುದು. ಪ್ರತಿ ಯುಎಸ್‌ಬಿ ಸಾಧನಕ್ಕೂ ಲಿನಕ್ಸ್‌ನ ಸಿಸ್ ಕಡತಕೋಶದಲ್ಲಿ ಒಂದು ಜಾಗವಿದೆ. ಅಲ್ಲಿ ಪವರ್ ಎಂಬುದರೊಳಗಿನ ಕಂಟ್ರೋಲ್ ಕಡತದಲ್ಲಿ ಆನ್ ಎಂದು ಬರೆದರೆ ಸಾಧನ ಸದಾ ಎಚ್ಚರ, ಆಟೋ ಎಂದರೆ ಮಲಗಲು ಅನುಮತಿ. ಇದು ಕಂಪ್ಯೂಟರ್ ಆರಿಸುವವರೆಗೆ ಮಾತ್ರ. ಶಾಶ್ವತವಾಗಬೇಕಾದರೆ ಆ ಸಾಧನದ ತಯಾರಕರ ಸಂಖ್ಯೆ ಮತ್ತು ಮಾದರಿ ಸಂಖ್ಯೆ ಹುಡುಕಿ, ಸಾಧನ ಸಿಕ್ಕಿಸಿದಾಗಲೆಲ್ಲ ಜಾರಿಯಾಗುವ ಯುಡೆವ್ ನಿಯಮ ಬರೆಯಬೇಕು, ಟಿಎಲ್‌ಪಿ ಇದ್ದರೆ ಅದರ ನಿಷೇಧ ಪಟ್ಟಿಗೆ ಸೇರಿಸಬೇಕು. ಎಲ್ಲವನ್ನೂ ಒಟ್ಟಿಗೆ ಎಚ್ಚರವಿಡಲು ಕಂಪ್ಯೂಟರ್ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳಲ್ಲಿ ಆಟೋಸಸ್ಪೆಂಡಿನ ಅವಧಿಯನ್ನು ಮೈನಸ್ ಒಂದು ಎಂದು ಹೇಳಬಹುದು. ಕಾರಣ ತಿಳಿದ ಮೇಲೆ ಇವು ಯಾವುವೂ ಕಷ್ಟವಲ್ಲ. ಆದರೆ ಕಾರಣ ತಿಳಿಯುವ ಬಗೆ ಹೇಗೆ? ಮಲಗಿಸಿದೆ, ಎಬ್ಬಿಸಿದೆ ಎಂಬ ಟಿಪ್ಪಣಿಗಳನ್ನು ಕರ್ನಲ್ ಡೀಬಗ್ ಮಟ್ಟದಲ್ಲಷ್ಟೇ ಬರೆಯುತ್ತದೆ. ಸಾಮಾನ್ಯ ದಾಖಲೆಯಲ್ಲಿ ಕಾಣುವುದು ಯುಎಸ್‌ಬಿ ಸಾಧನದ ಸಂಪರ್ಕ ಕಡಿಯಿತು ಎಂಬ ಒಂದೇ ಸಾಲು. ಅದನ್ನು ಓದಿದ ಯಾರಿಗಾದರೂ ಮೊದಲು ಹೊಳೆಯುವುದು ವೈರಿನ ಮೇಲಿನ ಅನುಮಾನವೇ.

ಹಾಗೆಂದು ಉಳಿತಾಯ ಕೈಬಿಡಬೇಕಿಲ್ಲ, ಪರಿಶೀಲಿಸಿದ ಪಟ್ಟಿಯ ದಾರಿ ಇದ್ದೇ ಇದೆ. ಕ್ರೋಮ್‌ಬುಕ್‌ಗಳ ಕ್ರೋಮ್ ಓಎಸ್ ಲಿನಕ್ಸ್ ಕರ್ನಲ್ ಮೇಲೆಯೇ ನಿಂತಿದೆ. ಅದನ್ನು ಕಟ್ಟಿದವರು ಮಲಗಿಸಬಹುದಾದ ಸಾಧನಗಳ ಪಟ್ಟಿಯೊಂದನ್ನು ಕಾಯ್ದುಕೊಂಡು ಬಂದರು: ಕೆಟ್ಟವರ ಪಟ್ಟಿಯಲ್ಲ, ಒಳ್ಳೆಯವರ ಪಟ್ಟಿ. ಸುಮಾರು 2019ರಲ್ಲಿ, ಬಹುತೇಕ ಲಿನಕ್ಸ್‌ಗಳನ್ನು ಶುರುಮಾಡಿ ನಡೆಸುವ ಸಿಸ್ಟಮ್‌ಡಿ ಆ ಪಟ್ಟಿಯನ್ನು ತನ್ನೊಳಗೆ ಸೇರಿಸಿಕೊಂಡದ್ದರಿಂದ ಮುಖ್ಯ ಲಿನಕ್ಸ್ ವಿತರಣೆಗಳಿಗೆಲ್ಲ ಅದು ತಲುಪಿದೆ. ಪಟ್ಟಿಯಲ್ಲಿಲ್ಲದ್ದು ಎಚ್ಚರವಾಗಿ ಇರುತ್ತದೆ, ಅಷ್ಟೇ. ಇದರಿಂದ ಒಂದಿಷ್ಟು ಉಳಿತಾಯ ತಪ್ಪಿಹೋಗಬಹುದು. ಹಬ್ಬಿಗೆ ಸಿಕ್ಕಿಸಿದ ನಾಲ್ಕರಲ್ಲಿ ಒಂದು ಎಚ್ಚರವಿದ್ದರೂ ಹಬ್ಬು ಮಲಗುವಂತಿಲ್ಲ, ಕಂಟ್ರೋಲರ್ ಕೂಡ. ಆದರೆ ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪಿನಲ್ಲಿ ಮುಖ್ಯವಾದ ಯುಎಸ್‌ಬಿ ಸಾಧನಗಳು ಹೊರಗೆ ಸಿಕ್ಕಿಸಿದವಲ್ಲ. ಕ್ಯಾಮೆರಾ, ಬ್ಲೂಟೂತ್, ಬೆರಳಚ್ಚು ಓದುಗ ಎಲ್ಲವೂ ಒಳಗೇ ಬೆಸೆದುಕೊಂಡಿರುತ್ತವೆ, ಅವು ಎಂಥವೆಂದು ಲ್ಯಾಪ್‌ಟಾಪ್ ತಯಾರಿಸಿದವರಿಗೆ ಗೊತ್ತು, ಪರೀಕ್ಷಿಸಲೂ ಬರುತ್ತದೆ. ಒಳಗಿನ ಕೀಬೋರ್ಡ್ ಬಹುಪಾಲು ಯುಎಸ್‌ಬಿಯೇ ಆಗಿರುವುದಿಲ್ಲ. ಹೊರಗಿನ ಪೋರ್ಟಿಗೆ ನಾಳೆ ಯಾರು ಏನು ಸಿಕ್ಕಿಸುತ್ತಾರೋ ಬಲ್ಲವರಿಲ್ಲ.

ಈ ಒಳಗಿನದು, ಹೊರಗಿನದು ಎಂಬ ಭೇದ ಕರ್ನಲ್‌ಗೆ ಈಗಾಗಲೇ ತಿಳಿದಿದೆ. ಪ್ರತಿ ಯುಎಸ್‌ಬಿ ಸಾಧನದ ಜೊತೆ ಅದು ಕಿತ್ತು ತೆಗೆಯಬಹುದಾದದ್ದೋ, ಸ್ಥಿರವಾದದ್ದೋ, ಗೊತ್ತಿಲ್ಲದ್ದೋ ಎಂಬ ಗುರುತನ್ನು ಅದು ಇಡುತ್ತದೆ. ಕಂಪ್ಯೂಟರಿನ ಫರ್ಮ್‌ವೇರ್ ಮತ್ತು ಹಬ್‌ಗಳು ಕೊಡುವ ಮಾಹಿತಿ ಅದಕ್ಕೆ ಆಧಾರ. ಸ್ಥಿರ ಎಂದಿದ್ದದ್ದನ್ನಷ್ಟೇ, ಅದೂ ಬ್ಯಾಟರಿಯ ಮೇಲೆ ಓಡುವಾಗ ಮಾತ್ರ ಮಲಗಿಸುವ ಪಾಠವನ್ನು ಪವರ್‌ಟಾಪ್‌ನಂಥ ಸಲಕರಣೆಗಳಿಗೆ ಕಲಿಸುವುದು ದೊಡ್ಡ ಕೆಲಸವಲ್ಲ. ಇನ್ನೊಂದು ಕೆಲಸ ಕರ್ನಲ್‌ನವರಿಗೇ ಸೇರಿದ್ದು. ನಿದ್ದೆಯಿಂದ ಎಬ್ಬಿಸಿದ ಮರುಗಳಿಗೆಯಲ್ಲೇ ಸಾಧನದ ಸಂಪರ್ಕ ಕಡಿದರೆ ಆ ಎರಡು ಘಟನೆಗಳನ್ನು ಜೋಡಿಸಿ, ಮಲಗಿಸಿ ಎಬ್ಬಿಸುವಾಗ ಹೀಗಾಯಿತು ಎಂದು ಸಾಮಾನ್ಯ ದಾಖಲೆಯಲ್ಲಿ ಒಂದು ಸಾಲು ಬರೆಯಬೇಕು. ಅದೇ ಸಾಧನಕ್ಕೆ ಎರಡನೆಯ ಬಾರಿ ಹಾಗಾದರೆ ಅದನ್ನು ಮಲಗಿಸುವುದನ್ನು ತಾನಾಗಿ ನಿಲ್ಲಿಸಬೇಕು.